ನಗಿಸುವ ಕಾಯಕದ ಶುದ್ಧಿ

ಬಸವಾದಿ ಶರಣರ ಸಮುದಾಯದಲ್ಲಿ ಜನರನ್ನು ನಗಿಸುವುದನ್ನೇ ಕಾಯಕವಾಗಿ ಕೈಕೊಂಡ ಶರಣನೊಬ್ಬನಿದ್ದನೆಂಬುದು ವಚನವಾಙ್ಮಯದ ಅಭ್ಯಾಸಿಗಳಿಗೆ ತಿಳಿದ ಸಂಗತಿ. ಆತನ ಹೆಸರೇ ನಗೆಯ ಮಾರಿತಂದೆ. ‘ಆತುರವೈರಿ ಮಾರೇಶ್ವರ’ ಎಂಬ ಅಂಕಿತದಿಂದ ಕೂಡಿದ ಆತನ ನೂರರಷ್ಟು ವಚನಗಳು ದೊರೆತಿವೆ. ಅವುಗಳಲ್ಲಿ ನಗೆಹನಿಗಳನ್ನು ಹುಡುಕಹೊರಟವರಿಗೆ ನಿರಾಶೆಯಾಗುವುದುಂಟು. ಹೆಚ್ಚಿನವು ತತ್ತ್ವಪರವಾದವು, ಕೆಲವು ಬೆಡಗಿನ ಗಂಟು ಕಟ್ಟಿಕೊಂಡಂಥವು. ನಗಿಸಿ ಬದುಕಿದವನು ಬರೆಯುವಾಗ ಇಷ್ಟು ಗಂಭೀರನಾದನೇಕೆ ಎಂದು ಆಶ್ಚರ್ಯಪಡಬೇಕಾಗಿಲ್ಲ. ನಗೆ ಆತನಿಗೆ ಬಾಯಿಚಪಲವಾಗಿರಲಿಲ್ಲ, ಅದು ದುಡಿಮೆಯಾಗಿತ್ತು.

ಈತನೊಬ್ಬನೇ ಅಲ್ಲ. ನಾನಾ ವೇಷಗಳನ್ನು ತೊಟ್ಟು ಜನರನ್ನು ರಂಜಿಸುತ್ತಿದ್ದ ಬಹುರೂಪಿ ಚೌಡಯ್ಯ, ಕೋಡು ಕಟ್ಟಿಕೊಂಡು ಕುಣಿಯುವ ಕಲಕೇತ ವೃತ್ತಿಯ ಕಲಕೇತಯ್ಯ ಇವರೂ ಅದೇ ಬಳಗದವರು. ‘ರೇಕಣ್ಣಪ್ರಿಯ ನಾಗಿನಾಥ’ ಎಂಬ ಅಂಕಿತದ ಚೌಡಯ್ಯನ ವಚನಗಳಲ್ಲಿ ವೇಷಗಾರಿಕೆಯ ಪರಿಭಾಷೆಯೇ ಆತ್ಮಶೋಧನೆಯ ಪರಿಭಾಷೆಯಾಗಿ ಮಾರ್ಪಟ್ಟಿರುವುದನ್ನು ಕಾಣಬಹುದು. ಕಲ್ಯಾಣದ ಶರಣರು ಇವರಿಗೆ ವೇಷ ಕಳಚಿ ಒಳಗೆ ಬನ್ನಿರೆಂದು ಹೇಳಲಿಲ್ಲ. ಇದರ ಮಹತ್ತ್ವವನ್ನು ಅರಿಯಬೇಕಾದರೆ ಆ ಕಾಲಕ್ಕೆ ನಟನ ಸ್ಥಾನವೇನಿತ್ತೆಂಬುದನ್ನು ನೆನೆಯಬೇಕು. ಯಾರ ಯಾರ ಅನ್ನವನ್ನು ಉಣ್ಣಲಾಗದೆಂದು ಮನುಸ್ಮೃತಿ ಪಟ್ಟಿಮಾಡುವಲ್ಲಿ ನಟನೂ ಇದ್ದಾನೆ. ರಾಜನು ನಕ್ಕು ಉಂಗುರ ಕೊಟ್ಟಾನು, ಶ್ರೇಷ್ಠನೆನಿಸಿಕೊಂಡವನು ಚಪ್ಪಾಳೆ ತಟ್ಟಿಯಾನು. ಆದರೆ ನಗಿಸಿದವನ ಮನೆಯಲ್ಲಿ ಕೂತು ಉಣ್ಣುವವರಿಲ್ಲ. ಅಂಥ ಕಸುಬನ್ನು ಶರಣರು ಕಾಯಕವೆಂದು ಕರೆದರು, ಆ ಕಾಯಕದಿಂದ ಬಂದ ಅನ್ನವನ್ನು ದಾಸೋಹಕ್ಕೆ ಯೋಗ್ಯವೆಂದು ಸ್ವೀಕರಿಸಿದರು.

ಇಂದಿನ ಹಾಸ್ಯದ ಚರ್ಚೆ ಇಲ್ಲಿಂದ ಆರಂಭವಾಗಬೇಕು. ದೂರದರ್ಶನದ ಹಾಸ್ಯ ಕಾರ್ಯಕ್ರಮಗಳು, ಕಂಪನಿ ನಾಟಕದ ಹಾಸ್ಯಪ್ರವೇಶಗಳು, ಮೊಬೈಲಿನಲ್ಲಿ ಹರಿದಾಡುವ ತುಣುಕುಗಳು, ಇವುಗಳಲ್ಲಿ ಕೀಳುಮಾತು ಹೆಚ್ಚಿತೆಂಬ ಆಕ್ಷೇಪ ಸಾಮಾನ್ಯವಾಗಿ ಅಶ್ಲೀಲತೆಯ ಸುತ್ತಲೇ ಸುತ್ತುತ್ತದೆ. ದ್ವಂದ್ವಾರ್ಥದ ಮಾತು ಬಂದಾಗ ಮೂಗು ಮುರಿಯುವ ಸಭ್ಯರು, ತೊದಲುವವನನ್ನೋ ಕಪ್ಪು ಮೈಬಣ್ಣದ ಹುಡುಗಿಯನ್ನೋ ಕೆಳಗಿನ ಕೇರಿಯವನನ್ನೋ ಗೇಲಿಗೆಳೆದಾಗ ಮನಸಾರೆ ನಗುತ್ತಾರೆ. ಅಶ್ಲೀಲವು ಕೇಳುಗನ ಕಿವಿಯನ್ನು ಕೆಡಿಸುತ್ತದೆ, ನಿಜ. ಎರಡನೆಯದು ಅದೇ ಸಭೆಯಲ್ಲಿ ಕುಳಿತ ಒಬ್ಬನನ್ನು ಮಿಕ್ಕವರಿಂದ ಬೇರ್ಪಡಿಸಿ ನಿಲ್ಲಿಸುತ್ತದೆ. ಅವನೂ ಟಿಕೇಟು ಕೊಂಡೇ ಒಳಗೆ ಬಂದವನು. ತನ್ನನ್ನು ಗೇಲಿ ಮಾಡಿದ್ದಕ್ಕೆ ತಾನೇ ಹಣ ತೆತ್ತು ಮನೆಗೆ ಹೋಗುತ್ತಾನೆ.

ಆಯ್ದಕ್ಕಿ ಮಾರಯ್ಯ ದಂಪತಿಗಳ ಕಥೆಯನ್ನು ಈ ಸಂದರ್ಭದಲ್ಲಿ ನೆನೆಯುವುದು ಉಚಿತ. ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮ ಅದನ್ನು ಒಳಗಿಟ್ಟುಕೊಳ್ಳಲಿಲ್ಲ. ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳು. ಆ ಅಕ್ಕಿ ಕದ್ದದ್ದಲ್ಲ, ಚೆಲ್ಲಿದ್ದೇ. ಆದರೂ ಅದು ಅವರ ಪಾಲಿನದಲ್ಲ. ನಗಿಸುವವನ ಎದುರಿಗೂ ಹೀಗೆ ಚೆಲ್ಲಿ ಬಿದ್ದ ನಗೆ ಬೇಕಾದಷ್ಟಿರುತ್ತದೆ. ಕುಂಟನ ನಡಿಗೆಯನ್ನು ಅನುಕರಿಸಿದರೆ ಜನ ನಗುತ್ತಾರೆ. ಅದಕ್ಕೆ ಪ್ರತಿಭೆ ಬೇಡ, ಬರವಣಿಗೆ ಬೇಡ, ತಾಲೀಮೂ ಬೇಡ. ಬಗ್ಗಿ ಆಯ್ದುಕೊಂಡರಾಯಿತು. ಕಾಯಕದ ಶುದ್ಧಿಯ ಪ್ರಶ್ನೆ ಏಳುವುದು ಈ ಬಗ್ಗುವ ಗಳಿಗೆಯಲ್ಲಿ.

ವಿಕಾರವನ್ನು ಕಂಡು ನಗುವುದು ಶಾಸ್ತ್ರಸಮ್ಮತವಲ್ಲವೇ ಎಂದು ಕೇಳುವ ವಿದ್ವಾಂಸರುಂಟು. ಭರತಮುನಿ ಹಾಸ್ಯರಸದ ವಿಭಾವಗಳನ್ನು ಹೇಳುವಾಗ ವಿಕೃತ ವೇಷಾಲಂಕಾರಗಳ ಜೊತೆಗೆ ಅಂಗವೈಕಲ್ಯದ ದರ್ಶನವನ್ನೂ ಸೇರಿಸಿದ್ದಾನೆ. ವಿದೂಷಕನು ಕುಳ್ಳ, ಗೂನು ಬೆನ್ನಿನವ, ಉಬ್ಬುಹಲ್ಲಿನವ, ಬೋಳುತಲೆಯವ ಆಗಿರಬೇಕೆಂಬುದೂ ನಾಟ್ಯಶಾಸ್ತ್ರದ ಮಾತೇ. ಇದನ್ನು ಮರೆಮಾಚಬೇಕಾಗಿಲ್ಲ. ಆದರೆ ಆ ವಿದೂಷಕನು ಹುಟ್ಟಿನಿಂದ ಬ್ರಾಹ್ಮಣ, ರಾಜನ ಆಪ್ತಮಿತ್ರ, ಅಂತಃಪುರದವರೆಗೂ ಸಲಿಗೆಯುಳ್ಳವ. ಪ್ರೇಕ್ಷಕರು ನಗುತ್ತಿದ್ದುದು ಮೇಲಿನ ಪಂಕ್ತಿಯವನ ಭೋಜನಪ್ರೀತಿಗೆ, ಹೇಡಿತನಕ್ಕೆ. ಆ ಮೈಯ ವಿಕಾರವನ್ನಷ್ಟೇ ಉಳಿಸಿಕೊಂಡು ಸ್ಥಾನವನ್ನು ಮಾತ್ರ ಬದಲಿಸಿ, ವಿದೂಷಕನ ಗೂನನ್ನು ಗೌಡರ ಮನೆಯ ಜೀತದಾಳಿನ ಬೆನ್ನಿಗೆ ಹೊರಿಸಿದವರು ಭರತನ ಹೆಸರು ಹೇಳುವಂತಿಲ್ಲ.

ಶರಣರು ಬಿರುನುಡಿಯನ್ನು ಆಡಲಿಲ್ಲವೇ ಎಂಬುದು ಇನ್ನೊಂದು ಪ್ರಶ್ನೆ, ಮತ್ತು ಇದು ಹೆಚ್ಚು ಕಠಿಣವಾದದ್ದು. ಅಂಬಿಗರ ಚೌಡಯ್ಯನಷ್ಟು ಖಾರವಾಗಿ ನುಡಿದವರು ಕನ್ನಡದಲ್ಲಿಯೇ ವಿರಳ. ಆತನ ಮಾತಿಗೆ ಸಿಕ್ಕಿ ನಗೆಪಾಟಲಾದವರು ಡಾಂಭಿಕ ಗುರುಗಳು, ಹೊಟ್ಟೆಪಾಡಿನ ಜಂಗಮರು, ವೇಷದ ಭಕ್ತರು. ಬಸವಣ್ಣನವರ ವ್ಯಂಗ್ಯವಂತೂ ಎಷ್ಟೋ ಸಲ ತಮ್ಮ ಮನಸ್ಸಿನ ಕಡೆಗೇ ತಿರುಗುತ್ತದೆ. ಬಿರುನುಡಿಯ ದಿಕ್ಕು ಇಲ್ಲಿ ಸ್ಪಷ್ಟವಾಗಿದೆ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಅದು ಅರ್ಧಸತ್ಯ. ‘ಹೊಲೆಯ’ ಎಂಬ ಶಬ್ದವನ್ನು ವಚನಕಾರರು ಹಲವೆಡೆ ನಿಂದೆಯಾಗಿ ಬಳಸಿದ್ದಾರೆ. ಹುಟ್ಟಿನ ಹೆಸರನ್ನು ಹುಟ್ಟಿನಿಂದ ಕಿತ್ತು ನಡತೆಗೆ ಅಂಟಿಸಿ, ಕೆಟ್ಟ ನಡತೆಯ ಮೇಲ್ಜಾತಿಯವನೇ ಆ ಹೆಸರಿಗೆ ಅರ್ಹನೆಂದು ತೋರಿಸುವುದು ಅವರ ಉದ್ದೇಶವಾಗಿತ್ತು. ಹನ್ನೆರಡನೆಯ ಶತಮಾನದಲ್ಲಿ ಇದೊಂದು ಮಹಾಪಲ್ಲಟ. ಆದರೂ ಆ ಕೇರಿಯಲ್ಲಿ ಹುಟ್ಟಿ ಇಂದು ಶಾಲೆಯಲ್ಲಿ ವಚನ ಕಂಠಪಾಠ ಮಾಡುವ ಬಾಲಕನ ಕಿವಿಗೆ ಮೊದಲು ಬೀಳುವುದು ಶಬ್ದವೇ ಹೊರತು ಪಲ್ಲಟವಲ್ಲ. ಅರ್ಥ ಬದಲಾದರೂ ಗಾಯ ಬೇಗ ಮಾಯುವುದಿಲ್ಲ. ಶರಣರ ಶಬ್ದಕ್ಕೇ ಈ ಗತಿಯಾದರೆ, ಪಲ್ಲಟದ ಯಾವ ಉದ್ದೇಶವೂ ಇಲ್ಲದೆ ಅದೇ ಶಬ್ದಗಳನ್ನು ನಗೆಗಾಗಿ ಎಸೆಯುವವರು ತಮ್ಮ ನಿರ್ದೋಷತ್ವವನ್ನು ಯಾವ ಆಧಾರದ ಮೇಲೆ ಸಾಧಿಸಿಯಾರು?

ಬಾಗಲಕೋಟೆ ಜಿಲ್ಲೆಯ ಜನಕ್ಕೆ ಹಾಸ್ಯವು ಪುಸ್ತಕದ ಸಂಗತಿಯಲ್ಲ. ಬಾದಾಮಿ ಬಳಿಯ ಚೊಳಚಗುಡ್ಡದಲ್ಲಿ ಬನದ ಹುಣ್ಣಿಮೆಗೆ ನೆರೆಯುವ ಬನಶಂಕರಿ ಜಾತ್ರೆ ವೃತ್ತಿ ನಾಟಕ ಕಂಪನಿಗಳ ಪಾಲಿಗೆ ವರ್ಷದ ಸುಗ್ಗಿ. ಸಾಲುಸಾಲಾಗಿ ತಗಡಿನ ಥಿಯೇಟರುಗಳು ಏಳುತ್ತವೆ, ತಿಂಗಳ ಮಟ್ಟಿಗೆ ಪ್ರಯೋಗಗಳು ನಡೆಯುತ್ತವೆ. ಹುನಗುಂದ ಸೀಮೆಯ ರಾಮಥಾಳ ಮೊದಲಾದ ಊರುಗಳ ಒಕ್ಕಲಿಗರು ಚಕ್ಕಡಿ ಹೂಡಿಕೊಂಡು ಹೋಗಿ ರಾತ್ರಿಯೆಲ್ಲ ನಾಟಕ ನೋಡಿ ಬರುತ್ತಿದ್ದ ಕಾಲವೊಂದಿತ್ತು. ಈಗ ಅದೇ ರಾಮಥಾಳದ ಹೆಸರು ಹನಿ ನೀರಾವರಿಯ ದೊಡ್ಡ ಯೋಜನೆಯಿಂದ ನಾಡಿಗೆಲ್ಲ ಪರಿಚಿತವಾಗಿದೆ. ಚಕ್ಕಡಿಯ ಸ್ಥಾನದಲ್ಲಿ ಟ್ರ್ಯಾಕ್ಟರ್ ಬಂದಿದೆ. ನಾಟಕದ ಹುಚ್ಚು ಮಾತ್ರ ಪೂರ್ತಿ ಇಳಿದಿಲ್ಲ. ಈ ಮಣ್ಣು ನಾಟಕಕಾರರನ್ನೂ ಕೊಟ್ಟಿದೆ. ಹುನಗುಂದ ತಾಲೂಕಿನ ಸೂಳೇಭಾವಿಯವರಾದ ಪಿ. ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಕಂಪನಿಗಳ ಹೊಟ್ಟೆ ತುಂಬಿಸಿದ ನಾಟಕ, ೧೯೭೪ರಲ್ಲಿ ಡಾ. ರಾಜಕುಮಾರರ ಅಭಿನಯದಲ್ಲಿ ಚಲನಚಿತ್ರವಾಯಿತು. ಅಲ್ಲಿ ಮಣ್ಣುಮುಕ್ಕುವುದು ಸಾಹುಕಾರನ ದರ್ಪ. ಅದಕ್ಕೂ ಹಿಂದಿನ ಶ್ರೀಕೃಷ್ಣ ಪಾರಿಜಾತದ ಆಟದಲ್ಲಿ ನಗೆಗೆ ಈಡಾಗುವುದು ಸತ್ಯಭಾಮೆಯ ಗರ್ವ. ಉತ್ತರ ಕರ್ನಾಟಕದ ಪ್ರೇಕ್ಷಕನಿಗೆ ಮೇಲಿನವರನ್ನು ನೋಡಿ ನಗುವುದು ಗೊತ್ತಿಲ್ಲದ ವಿದ್ಯೆಯೇನೂ ಅಲ್ಲ.

ಆದರೆ ಕಂಪನಿ ನಾಟಕದ ರಚನೆಯಲ್ಲಿಯೇ ಒಂದು ಬಿರುಕಿದೆ. ಮುಖ್ಯ ಕಥೆ ಒಂದು ಹಳಿಯ ಮೇಲೆ, ಹಾಸ್ಯದ ಉಪಕಥೆ ಇನ್ನೊಂದರ ಮೇಲೆ. ಮುಖ್ಯ ಕಥೆಯಲ್ಲಿ ಬಡವನ ಪರವಾಗಿ ಕಣ್ಣೀರು ಹರಿದರೆ, ಅರ್ಧ ತಾಸಿನ ಬಳಿಕ ಅದೇ ರಂಗದಲ್ಲಿ ಬಡವನ ಕಿವುಡು, ತೊದಲು, ಹಸಿವು, ಹರಕು ಬಟ್ಟೆಗಳೇ ಹಾಸ್ಯದ ಬಂಡವಾಳವಾಗುತ್ತವೆ. ಚಲನಚಿತ್ರ, ವಿಡಿಯೋ, ದೂರದರ್ಶನಗಳ ಪೈಪೋಟಿ ಹೆಚ್ಚಿದಂತೆ ಮಾಲೀಕರು ನೆಚ್ಚಿಕೊಂಡದ್ದು ಹಾಸ್ಯನಟನನ್ನೇ. ಅವರ ಕಷ್ಟ ಸುಳ್ಳಲ್ಲ. ಒಂದು ಕ್ಯಾಂಪಿನ ಗಳಿಕೆ ಇನ್ನೊಂದು ಕ್ಯಾಂಪಿನ ಸಾಲ ತೀರಿಸುವುದರಲ್ಲಿ ಕಳೆಯುತ್ತದೆ. ಮಳೆಗಾಲದಲ್ಲಿ ಕಲಾವಿದರ ಊಟಕ್ಕೂ ತತ್ವಾರ. ಜನ ಕೇಳಿದ್ದನ್ನು ಕೊಡುತ್ತೇವೆ ಎಂಬ ಅವರ ಸಮರ್ಥನೆಯಲ್ಲಿ ಹಸಿವಿನ ದನಿಯಿದೆ. ಆದರೆ ಜನರೆಂದರೆ ಯಾರು? ದ್ವಂದ್ವಾರ್ಥದ ಸಂಭಾಷಣೆ ಹೆಚ್ಚಿದಂತೆ ಹೆಣ್ಣುಮಕ್ಕಳು ಕಂಪನಿ ನಾಟಕದಿಂದ ದೂರ ಸರಿದರೆಂಬ ಕೊರಗು ರಂಗಭೂಮಿಯವರ ಬಾಯಿಂದಲೇ ಬಂದಿದೆ. ಎದ್ದು ಹೋದವರು ಚಪ್ಪಾಳೆಯ ಲೆಕ್ಕಕ್ಕೆ ಸಿಗುವುದಿಲ್ಲ. ಉಳಿದವರ ನಗೆಯನ್ನಷ್ಟೇ ಎಣಿಸಿ ಜನಾಭಿಪ್ರಾಯವೆನ್ನುವುದು ಸಂತೆ ಮುಗಿದ ಮೇಲೆ ಸಂತೆಯ ಜನರನ್ನು ಎಣಿಸಿದಂತೆ.

ಹಾಸ್ಯಪ್ರವೇಶದ ಪಾತ್ರಗಳಲ್ಲಿ ಕುಡುಕನಷ್ಟು ಹಳಬ ಯಾರೂ ಇಲ್ಲ. ತೂರಾಡುತ್ತ ಬರುತ್ತಾನೆ, ಹೆಂಡತಿಯನ್ನು ಬಯ್ಯುತ್ತಾನೆ, ಎರಡು ಏಟು ಹಾಕುತ್ತಾನೆ, ತಾನೂ ಬೀಳುತ್ತಾನೆ. ಸಭೆ ಹೊಟ್ಟೆ ಹಿಡಿದು ನಗುತ್ತದೆ. ಇಳಕಲ್ಲಿನ ಪ್ರದೇಶದಲ್ಲಿ ಈ ದೃಶ್ಯಕ್ಕೆ ಬೇರೊಂದು ಅರ್ಥವಿದೆ. ಚಿತ್ತರಗಿ-ಇಳಕಲ್ಲ ಮಠದ ಡಾ. ಮಹಾಂತ ಸ್ವಾಮಿಗಳು ೧೯೭೦ರ ದಶಕದಿಂದ ಜೋಳಿಗೆ ಹಿಡಿದು ಊರೂರು, ಕೇರಿಕೇರಿ ತಿರುಗಿದರು. ಅವರು ಬೇಡಿದ್ದು ಧಾನ್ಯವನ್ನಲ್ಲ, ದುಶ್ಚಟಗಳನ್ನು. ೨೦೧೮ರಲ್ಲಿ ಲಿಂಗೈಕ್ಯರಾದ ಈ ಪೂಜ್ಯರ ಜನ್ಮದಿನವಾದ ಆಗಸ್ಟ್ ೧ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸಲಾಗುತ್ತಿದೆ. ‘ಮಹಾಂತ ಜೋಳಿಗೆ’ಗೆ ಗಂಡಂದಿರು ತಮ್ಮ ಚಟವನ್ನು ಹಾಕಿದಾಗ ಬಾಗಿಲ ಮರೆಯಲ್ಲಿ ನಿಂತು ಕಣ್ಣೊರೆಸಿಕೊಂಡ ಹೆಂಗಸರೇ ನಾಟಕದ ಚಾಪೆಯ ಮೇಲೆಯೂ ಕುಳಿತಿರುತ್ತಾರೆ. ರಂಗದ ಮೇಲೆ ಬೀಳುವ ಏಟಿನ ಸದ್ದು ಅವರಿಗೆ ಡೋಲಿನ ಪೆಟ್ಟಲ್ಲ. ಅವರೂ ನಗುತ್ತಾರೆ. ಪಕ್ಕದವರೆಲ್ಲ ನಗುತ್ತಿರುವಾಗ ತಾನೊಬ್ಬಳೇ ನಗದಿದ್ದರೆ ಮನೆಯ ಗುಟ್ಟು ಹೊರಬೀಳುತ್ತದೆ. ಕುಡುಕನ ಪಾತ್ರವನ್ನೇ ಬಿಡಬೇಕೆಂದು ಇದರ ಅರ್ಥವಲ್ಲ. ಕುಡುಕನ ಜಂಬವನ್ನು, ಸುಳ್ಳನ್ನು, ಅಂಗಡಿಯವನ ಲೆಕ್ಕದ ಪುಸ್ತಕವನ್ನು ನಗೆಗೆ ತಂದರೆ ಹೆಂಡತಿಯೂ ಮನಸಾರೆ ನಕ್ಕಾಳು. ಏಟನ್ನೇ ನಗೆಯಾಗಿಸುವುದು ಮಾತ್ರ ಆಕೆಯ ಪಾಲಿನ ಅಕ್ಕಿಯನ್ನು ಕಸಿದಂತೆ.

ಇನ್ನು ಪುರುಷರು ಸೀರೆಯುಡುವ ವಿಚಾರ. ೨೦೧೫ರಲ್ಲಿ ಆರಂಭವಾದ ‘ಮಜಾ ಟಾಕೀಸ್’, ೨೦೧೬ರ ‘ಕಾಮಿಡಿ ಕಿಲಾಡಿಗಳು’ ಮುಂತಾದ ಕಾರ್ಯಕ್ರಮಗಳು ಕನ್ನಡ ದೂರದರ್ಶನದ ಹಾಸ್ಯಕ್ಕೆ ದೊಡ್ಡ ಪ್ರೇಕ್ಷಕವರ್ಗವನ್ನು ತಂದವು. ಹಳ್ಳಿಗಾಡಿನ, ಅದರಲ್ಲೂ ನಾಟಕದ ಹಿನ್ನೆಲೆಯ ಬಡ ಯುವಕ ಯುವತಿಯರಿಗೆ ಹೆಸರು ಮತ್ತು ಅನ್ನ ದೊರೆತದ್ದು ಅವುಗಳಿಂದಾದ ನಿಜವಾದ ಉಪಕಾರ. ಆದರೆ ಈ ಬಗೆಯ ಪ್ರಹಸನಗಳಲ್ಲಿ ಗಂಡಸು ಸೀರೆಯುಟ್ಟು ಬಂದನೆಂದರೆ ಮಾತು ಆರಂಭವಾಗುವ ಮೊದಲೇ ನಗಬೇಕೆಂಬ ರೂಢಿ ಬೆಳೆದುಬಿಟ್ಟಿದೆ. ಉತ್ತರ ಕರ್ನಾಟಕದ ರಂಗಭೂಮಿಯ ಇತಿಹಾಸ ಇದಕ್ಕೆ ವಿರುದ್ಧವಾದುದು. ಶತಾಯುಷಿ ಏಣಗಿ ಬಾಳಪ್ಪನವರು ಬಸವೇಶ್ವರನ ಪಾತ್ರದಿಂದ ನಾಡಿನ ಮನೆಮಾತಾಗುವ ಮುನ್ನ ಸ್ತ್ರೀಪಾತ್ರಗಳಲ್ಲಿ ಪಳಗಿದವರು. ಮರಾಠಿ ರಂಗದ ಬಾಲಗಂಧರ್ವರ ಸೀರೆಯ ನೆರಿಗೆಯನ್ನು ನೋಡಿ ಗೃಹಿಣಿಯರು ಉಡುವುದನ್ನು ಕಲಿತರೆಂಬ ಮಾತು ಪ್ರಸಿದ್ಧ. ಅಲ್ಲಿ ಸೀರೆಯುಟ್ಟ ಗಂಡಸನ್ನು ಕಂಡು ಸಭೆ ಅತ್ತದ್ದುಂಟು, ಕೈಮುಗಿದದ್ದುಂಟು. ಇಂದು ಅದೇ ಇಳಕಲ್ಲ ಸೀರೆಯ ಟೋಪಿತೆನಿ ಸೆರಗು ತಲೆಯ ಮೇಲೆ ಬಂದೊಡನೆ ನಗೆ ಏಳುತ್ತದೆ.

ಈ ನಗೆ ತಟ್ಟುವುದು ಯಾರಿಗೆ? ಸವದತ್ತಿಯ ಗುಡ್ಡಕ್ಕೆ ನಡೆದುಕೊಳ್ಳುವ ಜೋಗಪ್ಪಗಳಿಗೆ, ಅಂಗಡಿಯಿಂದ ಅಂಗಡಿಗೆ ಕೈಚಾಚುತ್ತ ಹೋಗುವ ಲಿಂಗಪರಿವರ್ತಿತ ಹೆಣ್ಣುಮಕ್ಕಳಿಗೆ. ಮಂಜಮ್ಮ ಜೋಗತಿಯವರು ೨೦೧೯ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ೨೦೨೧ರಲ್ಲಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ಸ್ವೀಕರಿಸುವಾಗ ಸೆರಗಿನಿಂದ ಅವರಿಗೆ ದೃಷ್ಟಿ ತೆಗೆದದ್ದನ್ನು ದೇಶವೇ ನೋಡಿತು. ಅವರ ಆತ್ಮಕಥನಕ್ಕೆ ‘ನಡುವೆ ಸುಳಿವ ಹೆಣ್ಣು’ ಎಂಬ ಹೆಸರು ಬಂದದ್ದು ಜೇಡರ ದಾಸಿಮಯ್ಯನ ವಚನದಿಂದ. ಆತ್ಮಕ್ಕೆ ಗಂಡು ಹೆಣ್ಣೆಂಬ ಗುರುತಿಲ್ಲವೆಂದು ದಾಸಿಮಯ್ಯ ಸಾವಿರ ವರ್ಷದಷ್ಟು ಹಿಂದೆ ಕಂಡುಕೊಂಡದ್ದು, ಎಲ್ಲರಿಂದ ಹಾಸ್ಯಕ್ಕೊಳಗಾದ ಒಂದು ಜೀವಕ್ಕೆ ತನ್ನ ಬದುಕನ್ನು ಹೇಳಿಕೊಳ್ಳಲು ಶಬ್ದವಾಗಿ ಒದಗಿತು. ವಚನವು ಗ್ರಂಥಭಂಡಾರದಿಂದ ಹೊರಗೆ ನಡೆದ ಬಗೆ ಇದು. ಪೀಠದ ಮೇಲಿನ ಎಷ್ಟೋ ಪ್ರವಚನಗಳು ಇಷ್ಟು ದೂರ ನಡೆದಿಲ್ಲ.

ಅಂಗವಿಕಲರ ಅಣಕದ ವಿಷಯದಲ್ಲಿ ಈ ನಾಡಿಗೆ ಹೊರಗಿನ ಉಪದೇಶ ಬೇಕಾಗಿರಲಿಲ್ಲ. ಬಾದಾಮಿ ಸಮೀಪದ ಮಲಪ್ರಭೆಯ ದಡದಲ್ಲಿ ೧೯೦೯ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರ ಶಿವಯೋಗಿಗಳು ಹುಟ್ಟುಕುರುಡ ಬಾಲಕನೊಬ್ಬನಿಗೆ ಸಂಗೀತ ಕಲಿಸುವ ವ್ಯವಸ್ಥೆ ಮಾಡಿದರು. ಆತನೇ ಗಾನಯೋಗಿ ಪಂಚಾಕ್ಷರ ಗವಾಯಿಗಳು. ಅವರ ಶಿಷ್ಯರೂ ಅಂಧರೂ ಆದ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ಗದುಗಿನ ವೀರೇಶ್ವರ ಪುಣ್ಯಾಶ್ರಮದ ಅಂಧ ಮಕ್ಕಳ ಅನ್ನ ಮತ್ತು ವಿದ್ಯೆಗಾಗಿ ನಾಟಕ ಕಂಪನಿಯನ್ನೇ ನಡೆಸಿದರು, ನಾಟಕಗಳನ್ನು ತಾವೇ ರಚಿಸಿದರು. ಕಂಪನಿ ನಾಟಕದ ಬೋರ್ಡುಗಳಲ್ಲಿ ‘ಕುಂಟ ಕೋಣ ಮೂಕ ಜಾಣ’ದಂಥ ಹೆಸರುಗಳು ಜನಪ್ರಿಯವಾಗಿರುವ ರಂಗಭೂಮಿಯಲ್ಲಿಯೇ, ಕಣ್ಣಿಲ್ಲದವರ ಅನ್ನಕ್ಕಾಗಿ ಕಣ್ಣಿಲ್ಲದವರೊಬ್ಬರು ಪರದೆ ಎತ್ತಿಸುತ್ತಿದ್ದರು. (ಆ ಹೆಸರಿನಲ್ಲಿ ಮೂಕನಿಗೆ ಜಾಣನೆಂಬ ಬಿರುದಾದರೂ ದಕ್ಕಿದೆ, ಕುಂಟನಿಗೆ ಅದೂ ಇಲ್ಲ.) ನಗಿಸುವ ರಂಗದ ಗಳಿಕೆ ದಾಸೋಹವಾದದ್ದಕ್ಕೆ ಗದುಗಿನ ಈ ಉದಾಹರಣೆಗಿಂತ ಹಿರಿದಾದುದನ್ನು ಹುಡುಕುವುದು ಕಷ್ಟ.

ಸರ್ವೋಚ್ಚ ನ್ಯಾಯಾಲಯ ಈ ವಿಷಯಕ್ಕೆ ಕೈಹಾಕಿದ್ದು ಈಚೆಗೆ. ಹಿಂದಿ ಚಲನಚಿತ್ರವೊಂದರ ಸಂಬಂಧವಾಗಿ ೨೦೨೪ರ ಜುಲೈ ತಿಂಗಳಲ್ಲಿ ಕೊಟ್ಟ ತೀರ್ಪಿನಲ್ಲಿ, ಅಂಗವಿಕಲರನ್ನು ಕುಗ್ಗಿಸುವ ಹಾಸ್ಯ ಬೇರೆ, ಅವರ ಬದುಕನ್ನು ತಿಳಿಯಲು ನೆರವಾಗುವ ಹಾಸ್ಯ ಬೇರೆ ಎಂದು ವಿಂಗಡಿಸಿತು. ೨೦೨೫ರಲ್ಲಿ, ಸ್ನಾಯುಕ್ಷಯದಿಂದ ನರಳುವವರನ್ನು ಗೇಲಿ ಮಾಡಿದ ಕೆಲವು ಹಾಸ್ಯಗಾರರು ಬಹಿರಂಗವಾಗಿ ಕ್ಷಮೆ ಕೇಳಬೇಕೆಂದಿತು. ಬಳಿಕ ಅಂಥ ರೋಗಿಗಳ ಚಿಕಿತ್ಸೆಗೆ ನಿಧಿ ಕೂಡಿಸುವ ಕಾರ್ಯಕ್ರಮಗಳನ್ನು ನಡೆಸುವಂತೆಯೂ ಸೂಚಿಸಿತು. ನ್ಯಾಯಪೀಠ ದಂಡರೂಪವಾಗಿ ಹೇಳಬೇಕಾಗಿ ಬಂದುದನ್ನು ಗದುಗಿನ ಗವಾಯಿಗಳು ಯಾರೂ ಹೇಳದೆಯೇ ಮಾಡಿದ್ದರು.

ಕಾನೂನು ಎಲ್ಲ ಕಡೆಗೂ ಕೈಚಾಚಲಾರದು, ಚಾಚಲೂಬಾರದು. ೨೦೨೩ರ ಫೆಬ್ರುವರಿಯಲ್ಲಿ ಬೆಂಗಳೂರಿನ ಯುವಜನೋತ್ಸವವೊಂದರಲ್ಲಿ ಜೈನ್ ಪರಿಗಣಿತ ವಿಶ್ವವಿದ್ಯಾಲಯದ ಕಾಲೇಜಿನ ವಿದ್ಯಾರ್ಥಿಗಳು ಆಡಿದ ಕಿರುಪ್ರಹಸನ ಡಾ. ಅಂಬೇಡ್ಕರರ ಹೆಸರನ್ನೂ ಮೀಸಲಾತಿಯನ್ನೂ ದಲಿತರನ್ನೂ ಹಾಸ್ಯಕ್ಕೆ ಬಳಸಿತು. ದಲಿತ ಸಂಘಟನೆಗಳು ಪ್ರತಿಭಟಿಸಿದವು. ವಿದ್ಯಾರ್ಥಿಗಳನ್ನೂ ಪ್ರಾಂಶುಪಾಲರನ್ನೂ ಬಂಧಿಸಲಾಯಿತು. ಮುಂದೆ ಉಚ್ಚ ನ್ಯಾಯಾಲಯ ಮೊಕದ್ದಮೆಯನ್ನು ರದ್ದುಗೊಳಿಸಿತು. ಪ್ರಹಸನಕ್ಕಾಗಿ ಹುಡುಗರನ್ನು ಸೆರೆಗೆ ಕಳುಹಿಸುವುದು ವಿವೇಕವಲ್ಲ ಎನ್ನುವವರ ಮಾತಿನಲ್ಲಿ ತೂಕವಿದೆ. ಆದರೆ ಮೊಕದ್ದಮೆ ಬಿದ್ದುಹೋಯಿತೆಂಬ ಮಾತ್ರಕ್ಕೆ ಪ್ರಹಸನ ಒಳ್ಳೆಯದಾಗಲಿಲ್ಲ. ನ್ಯಾಯಾಲಯ ಕೇಳುವುದು ಅಪರಾಧವಾಯಿತೇ ಎಂದು. ಕಾಯಕದ ದೃಷ್ಟಿ ಕೇಳುವುದು, ಆ ಸಭಾಗೃಹದ ಹಿಂದಿನ ಸಾಲಿನಲ್ಲಿ ಮೀಸಲಾತಿಯಿಂದಲೇ ಕಾಲೇಜಿನ ಮೆಟ್ಟಿಲು ಹತ್ತಿದ ಒಬ್ಬ ಹುಡುಗ ಕುಳಿತಿದ್ದರೆ ಅವನ ಮುಂದೆ ಆ ಆಟವನ್ನು ಆಡಬಹುದಾಗಿತ್ತೇ ಎಂದು. ಅವನು ಕುಳಿತಿರಬಹುದೆಂಬ ಎಣಿಕೆಯೇ ಆಡಿದವರಿಗೆ ಬರಲಿಲ್ಲವೆಂಬುದು ಪ್ರಹಸನಕ್ಕಿಂತ ದೊಡ್ಡ ಕೊರತೆ.

ವೀರಶೈವ ಸಮಾಜವೂ ಇಲ್ಲಿ ತನ್ನ ಮುಖ ನೋಡಿಕೊಳ್ಳಬೇಕಾಗುತ್ತದೆ. ಎಚ್. ಎಸ್. ಶಿವಪ್ರಕಾಶರ ‘ಮಹಾಚೈತ್ರ’ ನಾಟಕ ಪಠ್ಯವಾದಾಗ ತೊಂಬತ್ತರ ದಶಕದಲ್ಲಿ ಎದ್ದ ಪ್ರತಿಭಟನೆಯನ್ನು ಹಿರಿಯರು ಮರೆತಿಲ್ಲ. ಆ ನಾಟಕದ ಗುಣದೋಷ ಬೇರೆ ಚರ್ಚೆ. ಅದು ಹಾಸ್ಯವೂ ಅಲ್ಲ. ಆದರೆ ಸಂಖ್ಯೆ, ಸಂಘಟನೆ, ಪತ್ರಿಕೆ, ಪ್ರತಿನಿಧಿಗಳು ಇರುವ ಸಮಾಜ ನೊಂದರೆ ಸರಕಾರ ಅಲುಗುತ್ತದೆ. ಹಡಪದ, ಮಡಿವಾಳ, ಸಮಗಾರ, ಕೊರಮ ಕುಲಗಳ ಕಸುಬನ್ನು ಹಾಸ್ಯದವನು ಎಳೆದಾಡಿದಾಗ ಅಲುಗುವುದು ಅವರವರ ಮನೆಯ ದೀಪ ಮಾತ್ರ. ಹಡಪದ ಅಪ್ಪಣ್ಣ, ಮಡಿವಾಳ ಮಾಚಿದೇವ, ಹರಳಯ್ಯ, ನುಲಿಯ ಚಂದಯ್ಯ ಇವರ ಜಯಂತಿಗಳಂದು ಭಾವಚಿತ್ರಕ್ಕೆ ಹಾರ ಹಾಕುವ ಕೈಗಳೇ ಸಂಜೆಯ ಮನರಂಜನೆಯಲ್ಲಿ ಕತ್ತರಿ, ಅಗಸರ ಕತ್ತೆ, ಚಪ್ಪಲಿಗಳ ಹಾಸ್ಯಕ್ಕೆ ಚಪ್ಪಾಳೆ ತಟ್ಟುತ್ತಿದ್ದರೆ, ಹಾರಕ್ಕೆ ಕೊಟ್ಟ ಹಣ ವ್ಯರ್ಥ. ೨೦೨೩ರ ಆಗಸ್ಟಿನಲ್ಲಿ ನಟ ಉಪೇಂದ್ರರು ಊರು ಮತ್ತು ಹೊಲಗೇರಿಯ ಕುರಿತ ಹಳೆಯ ಗಾದೆಯೊಂದನ್ನು ಮಾತಿನ ಓಘದಲ್ಲಿ ಆಡಿ, ವಿರೋಧ ಬಂದಾಗ ಕ್ಷಮೆ ಕೇಳಿದರು. ಗಾದೆ ಅವರು ಕಟ್ಟಿದ್ದಲ್ಲ. ಶಿವಾಲಯದ ನೆಲಕ್ಕೂ ಆ ಕೇರಿಯ ನೆಲಕ್ಕೂ ಭೇದವೆಣಿಸದ ಬಸವಣ್ಣನವರು ಐಕ್ಯರಾದ ಕೂಡಲಸಂಗಮದ ಸುತ್ತಣ ಊರುಗಳಲ್ಲಿಯೂ ಅದು ದಿನನಿತ್ಯ ಕಿವಿಗೆ ಬೀಳುವ ಮಾತೇ.

ಬಾಗಲಕೋಟೆಯ ಜನರಿಗೆ ಇದೆಲ್ಲದರ ನೋವು ಅರ್ಥವಾಗಲು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನಲ್ಲಿ ತಯಾರಾಗುವ ಚಲನಚಿತ್ರ, ದೂರದರ್ಶನಗಳಲ್ಲಿ ಈ ಕಡೆಯ ಮಾತನಾಡುವವನು ಬಹಳ ಕಾಲ ಅಡಿಗೆಯವನೋ ಕಾವಲುಗಾರನೋ ದಡ್ಡ ಸೇವಕನೋ ಆಗಿದ್ದ. ‘ಬರ್ರಿ’, ‘ಹೋಗ್ರಿ’, ‘ಹೌದಲೇ’ ಎಂಬ ಮಾತುಗಳೇ ನಗೆಗೆ ಸಾಕಾಗುತ್ತಿದ್ದವು. ಹುನಗುಂದ, ಬಾದಾಮಿ ತಾಲೂಕುಗಳಿಂದ ಬರಗಾಲದಲ್ಲಿ ಮಂಗಳೂರಿಗೆ, ಗೋವೆಗೆ, ಬೆಂಗಳೂರಿಗೆ ಗಾರೆ ಕೆಲಸಕ್ಕೆ ಗುಳೆ ಹೋದವರು ಆ ನಗೆಯನ್ನು ತೆರೆಯ ಮೇಲಷ್ಟೇ ಅಲ್ಲ, ಕೆಲಸದ ಜಾಗದಲ್ಲಿಯೂ ಉಂಡಿದ್ದಾರೆ. ತಮ್ಮ ನುಡಿಯನ್ನು ಅಣಕಿಸಿದಾಗ ಸಿಡಿದೇಳುವ ಅದೇ ಜನ ಊರಿಗೆ ಬಂದು ಜಾತ್ರೆಯ ನಾಟಕದಲ್ಲಿ ತಮಗಿಂತ ಒಂದು ಮೆಟ್ಟಿಲು ಕೆಳಗಿನವನ ನುಡಿಯನ್ನು, ಲಮಾಣಿಯ ಕನ್ನಡವನ್ನು, ಕೇರಿಯವನ ಉಚ್ಚಾರವನ್ನು ಅಣಕಿಸುತ್ತಾರೆ. ನೋವು ಕಲಿಸುವ ಪಾಠ ಇಷ್ಟು ಬೇಗ ಮರೆತುಹೋಗುವುದೇಕೆಂಬುದು ಹಾಸ್ಯಗಾರರಿಗಿಂತ ಪ್ರೇಕ್ಷಕರಿಗೆ ಹೆಚ್ಚು ಒಪ್ಪುವ ಪ್ರಶ್ನೆ.

ಹಾಗಾದರೆ ನಗಿಸುವವನು ಪ್ರತಿ ಮಾತಿಗೂ ಅಳುಕುತ್ತ ಕೂರಬೇಕೇ ಎಂಬ ಆತಂಕ ಸಹಜ. ಅಳುಕಿದ ಹಾಸ್ಯ ಉಪ್ಪಿಲ್ಲದ ಸಾರು. ಆದರೆ ತನ್ನ ಕುಳ್ಳತನವನ್ನು ತಾನೇ ಹೇಳಿ ನಗಿಸುವ ಕಲಾವಿದನನ್ನು ನೋಡಿದವರಿಗೆ ವ್ಯತ್ಯಾಸ ತಿಳಿಯುತ್ತದೆ. ಅವನನ್ನು ಚೆಂಡಿನಂತೆ ಎತ್ತಿ ಹಾಕಿ ನಗಿಸುವ ಇನ್ನೊಬ್ಬನಲ್ಲಿ ಆ ಗುಣವಿಲ್ಲ. ವಿಷಯ ಒಂದೇ, ಮಾತಿನ ಯಜಮಾನ ಬೇರೆ. ಬಹುರೂಪಿ ಚೌಡಯ್ಯ ವೇಷವನ್ನು ಮೊದಲು ತನ್ನ ಮೇಲೆಯೇ ಪ್ರಯೋಗಿಸಿದ್ದು ಸುಮ್ಮನೆ ಅಲ್ಲ.

ಈ ವಿಷಯದಲ್ಲಿ ಮಠಗಳ, ಜಾತ್ರಾ ಸಮಿತಿಗಳ ಪಾಲೂ ಇದೆ. ಎಷ್ಟೋ ಊರುಗಳಲ್ಲಿ ನಾಟಕಕ್ಕೆ ಬಯಲು ಕೊಡುವುದು ಮಠ, ಪರವಾನಿಗೆ ಮಾಡಿಸುವುದು ಸಮಿತಿ, ಜ್ಯೋತಿ ಬೆಳಗಿಸುವವರು ಪೂಜ್ಯರು. ಆಶೀರ್ವಚನ ಮುಗಿಸಿ ಪೂಜ್ಯರು ಬಿಜಯಂಗೈದ ಮೇಲೆ ಹಾಸ್ಯದ ಪಾತ್ರಧಾರಿ ರಂಗಕ್ಕೆ ಬರುತ್ತಾನೆ. ಆತನಿಗೂ ಹೊತ್ತು ಗೊತ್ತಿರುತ್ತದೆ. ಕಂಪನಿಯೊಡನೆ ಬಾಡಿಗೆ, ದೀಪ, ನೀರುಗಳ ಮಾತಾಡುವ ಸಮಿತಿ ಹಾಸ್ಯಪ್ರವೇಶದ ಮಾತನ್ನೂ ಆಡಬಹುದು, ಆ ಮಾತಿಗೆ ಎಲ್ಲ ಕೇರಿಯ ಒಬ್ಬೊಬ್ಬರನ್ನು ಕೂಡಿಸಿಕೊಳ್ಳಬಹುದು. ರಾಮಥಾಳದಂಥ ಹಳ್ಳಿಗಳಲ್ಲಿ ಊರ ಹುಡುಗರೇ ಆಡುವ ಸಾಮಾಜಿಕ ನಾಟಕಗಳಲ್ಲಂತೂ ಇದು ಇನ್ನೂ ಸುಲಭ. ಅಚ್ಚಾದ ಪುಸ್ತಕದಲ್ಲಿ ಹಾಸ್ಯದ ಅರ್ಧ ಮಾತ್ರ ಇರುತ್ತದೆ. ಉಳಿದರ್ಧ ರಾತ್ರಿಯ ತಾಲೀಮಿನಲ್ಲಿ, ನಾಲ್ಕು ಜನ ಗೆಳೆಯರ ಎದುರಿಗೆ, ಬಾಯಿಗೆ ಬಂದ ಹಾಗೆ ಹುಟ್ಟಿಕೊಳ್ಳುತ್ತದೆ. ನಾಟಕದ ಮಾಸ್ತರರು ಪೇಟಿಯ ಮೇಲಿನ ಕೈ ಎತ್ತಿ, ಈ ಮಾತು ಬೇಡ, ಬೇರೆ ಹುಡುಕು ಎಂದು ಹೇಳಲು ಸಾಧ್ಯವಿರುವುದು ಅಲ್ಲಿಯೇ. ಪರದೆ ಎದ್ದು ಜನ ನಗತೊಡಗಿದ ಮೇಲೆ ಆ ಅವಕಾಶವಿಲ್ಲ.